ಮನೋವೈಜ್ಞಾನಿಕ ಸಂಶೋಧನೆಗೆ ಸಮೀಕ್ಷೆಯ ಪ್ರಶ್ನೆಗಳನ್ನು ರೂಪಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮನಶ್ಶಾಸ್ತ್ರದ ವಿದ್ಯಾರ್ಥಿಗಳು, ಸಂಶೋಧನಾರ್ಥಿಗಳು ಮತ್ತು ಮೊದಲ ಬಾರಿಗೆ ಪ್ರಶ್ನಾವಳಿ ಸಿದ್ಧಪಡಿಸುತ್ತಿರುವವರು ಸಾಮಾನ್ಯವಾಗಿ ಎತ್ತುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಮಾದರಿಯ (ಸಮೀಕ್ಷೆಗೆ ಒಳಪಡಿಸುವ ಜನರ) ಆಯ್ಕೆ ಮತ್ತು ದತ್ತಾಂಶದ ವಿಶ್ಲೇಷಣೆ ಪ್ರತ್ಯೇಕ ವಿಷಯಗಳಾದ್ದರಿಂದ, ಅವುಗಳನ್ನು ಪ್ರಶ್ನೆಯ ರಚನೆಗೆ ತಾಗುವಷ್ಟು ಮಟ್ಟಿಗೆ ಮಾತ್ರ ಪ್ರಸ್ತಾಪಿಸಲಾಗಿದೆ.

ಪ್ರಶ್ನೆಗಳನ್ನು ಬರೆಯಲು ಕೂರುವ ಮೊದಲು ಏನನ್ನು ನಿರ್ಧರಿಸಿಕೊಂಡಿರಬೇಕು?

ಏನನ್ನು ಅಳೆಯಬೇಕಾಗಿದೆ ಎಂಬುದನ್ನು. ಇದು ಹೇಳಬೇಕಾಗಿಯೇ ಇಲ್ಲದ ಮಾತಿನಂತೆ ಕಂಡರೂ ಪ್ರಶ್ನಾವಳಿಗಳು ಹೆಚ್ಚಾಗಿ ಹದಗೆಡುವುದು ಇಲ್ಲಿಯೇ. ‘ಒತ್ತಡ’ವನ್ನು ಅಳೆಯಲು ಹೊರಟವರು ಎಷ್ಟೋ ಸಲ ಯಾವ ಒತ್ತಡ ಎಂದು ತಮ್ಮನ್ನೇ ಕೇಳಿಕೊಂಡಿರುವುದಿಲ್ಲ. ವ್ಯಕ್ತಿಯ ಬದುಕಿನಲ್ಲಿ ನಡೆದ ಕಷ್ಟದ ಘಟನೆಗಳನ್ನು ಎಣಿಸಬೇಕೇ, ಅವುಗಳನ್ನು ನಿಭಾಯಿಸಲಾರೆನೆಂಬ ಅನಿಸಿಕೆಯನ್ನು ಅಳೆಯಬೇಕೇ, ಅಥವಾ ನಿದ್ದೆಗೇಡು, ತಲೆನೋವಿನಂಥ ದೈಹಿಕ ಲಕ್ಷಣಗಳನ್ನು ಕೇಳಬೇಕೇ? ಮೂರೂ ಬೇರೆ ಬೇರೆ ಸಂಗತಿಗಳು. ಒಬ್ಬ ವ್ಯಕ್ತಿಯಲ್ಲಿ ಮೊದಲನೆಯದು ಹೆಚ್ಚಾಗಿದ್ದು ಎರಡನೆಯದು ಕಡಿಮೆ ಇರಬಹುದು. ಮೂರನ್ನೂ ಒಂದೇ ಮೊತ್ತದಲ್ಲಿ ಕೂಡಿಸಿದರೆ ಬರುವ ಅಂಕ ಯಾವುದರ ಅಳತೆ ಎಂದು ಯಾರೂ ಹೇಳಲಾರರು.

ಆದ್ದರಿಂದ ಪರಿಕಲ್ಪನೆಯ ವ್ಯಾಖ್ಯೆಯನ್ನು ಒಂದು ಪ್ಯಾರಾದಲ್ಲಿ ಬರೆದುಕೊಳ್ಳಿ. ಅದರ ಒಳಗೆ ಏನೇನು ಬರುತ್ತದೆ ಎಂಬುದರ ಜೊತೆಗೆ, ಹತ್ತಿರವಿದ್ದೂ ಹೊರಗುಳಿಯುವುದು ಯಾವುದು ಎಂಬುದನ್ನೂ ಬರೆಯಿರಿ. ಆಮೇಲೆ, ಇನ್ನೂ ಒಂದೂ ಉತ್ತರ ಬರುವ ಮೊದಲೇ, ಅಂತಿಮ ವರದಿಯಲ್ಲಿ ಬರಬೇಕಾದ ಕೋಷ್ಟಕಗಳನ್ನು ಖಾಲಿಯಾಗಿ ಬಿಡಿಸಿ ನೋಡಿ. ಯಾವ ಕೋಷ್ಟಕಕ್ಕೂ ಬೇಡವಾದ ಪ್ರಶ್ನೆ ಪ್ರಶ್ನಾವಳಿಗೂ ಬೇಡ. ‘ಇದೂ ಒಂದಿರಲಿ, ಮುಂದೆ ಉಪಯೋಗಕ್ಕೆ ಬಂದೀತು’ ಎಂದು ಸೇರಿಸುವ ಪ್ರಶ್ನೆಗಳು ಉತ್ತರಿಸುವವರ ತಾಳ್ಮೆಯನ್ನು ತಿನ್ನುತ್ತವೆಯೇ ಹೊರತು ಮುಂದೆಯೂ ಉಪಯೋಗಕ್ಕೆ ಬರುವುದು ಅಪರೂಪ.

ಪ್ರಶ್ನೆಯನ್ನು ಓದಿದಾಗ ಉತ್ತರಿಸುವವರ ಮನಸ್ಸಿನಲ್ಲಿ ಏನು ನಡೆಯುತ್ತದೆ?

ಉತ್ತರವು ಮನಸ್ಸಿನ ಕಪಾಟಿನಲ್ಲಿ ಸಿದ್ಧವಾಗಿಟ್ಟ ಕಡತದಂತಿರುತ್ತದೆ, ಪ್ರಶ್ನೆ ಕೇಳಿದೊಡನೆ ತೆಗೆದುಕೊಡುತ್ತಾರೆ ಎಂಬ ಊಹೆ ಹೆಚ್ಚಿನ ಸಂದರ್ಭಗಳಲ್ಲಿ ತಪ್ಪು. ವಯಸ್ಸು, ಮಕ್ಕಳ ಸಂಖ್ಯೆಯಂಥ ವಿವರಗಳನ್ನು ಬಿಟ್ಟರೆ, ಉತ್ತರವು ಬಹುಮಟ್ಟಿಗೆ ಆ ಕ್ಷಣದಲ್ಲಿಯೇ ತಯಾರಾಗುತ್ತದೆ. ರೋಜರ್ ಟುರಾಂಜೋ 1984ರಲ್ಲಿ ಮಂಡಿಸಿದ ಮಾದರಿ ಈ ತಯಾರಿಯನ್ನು ನಾಲ್ಕು ಹಂತಗಳಲ್ಲಿ ವಿವರಿಸುತ್ತದೆ: ಪ್ರಶ್ನೆಯನ್ನು ಅರ್ಥ ಮಾಡಿಕೊಳ್ಳುವುದು, ಸಂಬಂಧಪಟ್ಟದ್ದನ್ನು ನೆನಪಿನಿಂದ ಹೊರತೆಗೆಯುವುದು, ಅದನ್ನು ತೂಗಿ ಒಂದು ತೀರ್ಮಾನಕ್ಕೆ ಬರುವುದು, ಕೊನೆಗೆ ಆ ತೀರ್ಮಾನವನ್ನು ಕೊಟ್ಟಿರುವ ಆಯ್ಕೆಗಳಲ್ಲಿ ಒಂದಕ್ಕೆ ಹೊಂದಿಸುವುದು. ಕಷ್ಟದ ಪದ ಮೊದಲ ಹಂತವನ್ನು ಕೆಡಿಸುತ್ತದೆ, ದೂರದ ಕಾಲಾವಧಿ ಎರಡನೆಯದನ್ನು, ಹಿಂದಿನ ಪ್ರಶ್ನೆಯ ನೆರಳು ಮೂರನೆಯದನ್ನು, ತನಗೆ ಹೊಂದದ ಆಯ್ಕೆಗಳು ಮತ್ತು ಮುಜುಗರ ನಾಲ್ಕನೆಯದನ್ನು.

ಎಲ್ಲರೂ ಈ ನಾಲ್ಕೂ ಹಂತಗಳನ್ನು ಶ್ರದ್ಧೆಯಿಂದ ದಾಟುವುದಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ಸಾಕೆನಿಸುವಷ್ಟು ಮಾತ್ರ ಯೋಚಿಸಿ ಮುಂದೆ ಹೋಗುವ ಪ್ರವೃತ್ತಿಯನ್ನು ಜಾನ್ ಕ್ರಾಸ್ನಿಕ್ 1991ರಲ್ಲಿ ವಿವರವಾಗಿ ಚರ್ಚಿಸಿದರು. ಅವರ ಪ್ರಕಾರ ಪ್ರಶ್ನೆ ಕಷ್ಟವಾದಷ್ಟೂ, ಉತ್ತರಿಸುವವರ ಸಾಮರ್ಥ್ಯ ಮತ್ತು ಆಸಕ್ತಿ ಕಡಿಮೆಯಾದಷ್ಟೂ ಈ ಪ್ರವೃತ್ತಿ ಹೆಚ್ಚುತ್ತದೆ. ಮೂರರಲ್ಲಿ ಪ್ರಶ್ನೆ ಬರೆಯುವವರ ಕೈಯಲ್ಲಿ ಪೂರ್ತಿಯಾಗಿ ಇರುವುದು ಮೊದಲನೆಯದು ಮಾತ್ರ.

ಸಿದ್ಧ ಮಾಪಕಗಳು ಇರುವಾಗ ಹೊಸದಾಗಿ ಬರೆಯುವುದು ಅಗತ್ಯವೇ?

ಹೆಚ್ಚಿನ ಸಂದರ್ಭಗಳಲ್ಲಿ ಅಗತ್ಯವಿಲ್ಲ. ಆತ್ಮಗೌರವಕ್ಕೆ ಮಾರಿಸ್ ರೋಸೆನ್‌ಬರ್ಗ್ ಅವರ 1965ರ ಹತ್ತು ಹೇಳಿಕೆಗಳ ಮಾಪಕವಿದೆ. ಬದುಕಿನ ತೃಪ್ತಿಗೆ ಎಡ್ ಡೀನರ್ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ಐದು ಹೇಳಿಕೆಗಳ ಮಾಪಕವಿದೆ. ಖಿನ್ನತೆಯ ಲಕ್ಷಣಗಳಿಗೆ 2001ರಲ್ಲಿ ಪ್ರಕಟವಾದ, ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಮಾಪಕವಿದೆ. ಇಂಥವುಗಳನ್ನು ಬಳಸಿದರೆ ನಿಮ್ಮ ಫಲಿತಾಂಶವನ್ನು ಇತರರ ಫಲಿತಾಂಶದೊಂದಿಗೆ ಹೋಲಿಸಬಹುದು. ಆದರೆ ಸಿದ್ಧ ಮಾಪಕದಿಂದ ತಮಗೆ ಇಷ್ಟವಾದ ನಾಲ್ಕು ಹೇಳಿಕೆಗಳನ್ನು ಆರಿಸಿ, ಎರಡರ ಪದಗಳನ್ನು ಬದಲಿಸಿ, ಕಾಲಾವಧಿಯನ್ನು ‘ಕಳೆದ 2 ವಾರ’ದಿಂದ ‘ಕಳೆದ 1 ವರ್ಷ’ಕ್ಕೆ ಎಳೆದು, ಆಮೇಲೆ ಮೂಲ ಮಾಪಕದ ವಿಶ್ವಸನೀಯತೆಯ (ಅಳತೆಯ ಸ್ಥಿರತೆಯ) ಅಂಕಿಗಳನ್ನೇ ಉಲ್ಲೇಖಿಸುವ ರೂಢಿ ಒಪ್ಪತಕ್ಕದ್ದಲ್ಲ. ಹಾಗೆ ಬದಲಿಸಿದ್ದು ಹೊಸ ಮಾಪಕ. ಅದರ ಗುಣವನ್ನು ಹೊಸದಾಗಿಯೇ ತೋರಿಸಬೇಕು. ಬಳಸುವ ಮೊದಲು ಅನುಮತಿಯ ಷರತ್ತುಗಳನ್ನೂ ನೋಡಿಕೊಳ್ಳಿ, ಏಕೆಂದರೆ ಕೆಲವು ಮಾಪಕಗಳು ಉಚಿತ, ಕೆಲವು ಅಲ್ಲ.

ಒಂದೆರಡು ಪದಗಳ ವ್ಯತ್ಯಾಸದಿಂದ ಉತ್ತರ ನಿಜವಾಗಿಯೂ ಬದಲಾಗುತ್ತದೆಯೇ?

ಬದಲಾಗುತ್ತದೆ, ಅದೂ ಬೆಚ್ಚಿಬೀಳಿಸುವಷ್ಟು. 1941ರಲ್ಲಿ ಡೊನಾಲ್ಡ್ ರಗ್ ಪ್ರಕಟಿಸಿದ ಹೋಲಿಕೆ ಇಂದಿಗೂ ಪಠ್ಯಗಳಲ್ಲಿ ಬರುತ್ತದೆ. ಪ್ರಜಾಪ್ರಭುತ್ವದ ವಿರುದ್ಧದ ಸಾರ್ವಜನಿಕ ಭಾಷಣಗಳನ್ನು ಅಮೆರಿಕ ‘ನಿಷೇಧಿಸಬೇಕೇ’ ಎಂದು ಒಂದು ಗುಂಪನ್ನೂ, ‘ಅನುಮತಿಸಬೇಕೇ’ ಎಂದು ಇನ್ನೊಂದು ಗುಂಪನ್ನೂ ಕೇಳಲಾಯಿತು. ಅಭಿಪ್ರಾಯವಿಲ್ಲ ಎಂದವರನ್ನು ಬಿಟ್ಟು ಲೆಕ್ಕ ಹಾಕಿದರೆ, ಮೊದಲ ಗುಂಪಿನಲ್ಲಿ ನಿಷೇಧಿಸಬೇಕು ಎಂದವರು ಶೇ. 54, ಎರಡನೆಯದರಲ್ಲಿ ಅನುಮತಿಸಬಾರದು ಎಂದವರು ಶೇ. 75. ತರ್ಕದ ದೃಷ್ಟಿಯಿಂದ ಎರಡೂ ಒಂದೇ. ಆದರೆ ‘ನಿಷೇಧ’ ಎಂಬ ಮಾತಿನ ಕಟುತನಕ್ಕೆ ಹಿಂಜರಿಯುವವರು ‘ಅನುಮತಿ ಬೇಡ’ ಎನ್ನಲು ಅಷ್ಟು ಹಿಂಜರಿಯುವುದಿಲ್ಲ.

ಇದಕ್ಕಿಂತ ದೊಡ್ಡ ಗೊಂದಲ ಉಂಟಾದದ್ದು 1992ರಲ್ಲಿ. ಅಮೆರಿಕದಲ್ಲಿ ರೋಪರ್ ಸಂಸ್ಥೆ ನಡೆಸಿದ ಸಮೀಕ್ಷೆಯಲ್ಲಿ, ನಾಜಿಗಳು ಯಹೂದಿಗಳನ್ನು ನಿರ್ನಾಮ ಮಾಡಿದ್ದು ನಡೆದೇ ಇಲ್ಲದಿರುವುದು ನಿಮಗೆ ಸಾಧ್ಯವೆನಿಸುತ್ತದೆಯೇ, ಅಸಾಧ್ಯವೆನಿಸುತ್ತದೆಯೇ ಎಂಬರ್ಥದ ಪ್ರಶ್ನೆಯಿತ್ತು. ಶೇ. 22ರಷ್ಟು ಜನ ‘ಸಾಧ್ಯ’ ಎಂದರು; ಇಷ್ಟೊಂದು ಜನ ಹತ್ಯಾಕಾಂಡವನ್ನೇ ಸಂದೇಹಿಸುತ್ತಾರೆಯೇ ಎಂದು ಕಳವಳ ಹಬ್ಬಿತು. 1994ರಲ್ಲಿ ‘ನಡೆಯದೇ ಇದ್ದಿರಬಹುದೆಂದು ಅನಿಸುತ್ತದೆಯೇ, ಅಥವಾ ನಡೆದದ್ದು ಖಚಿತವೆಂದು ಅನಿಸುತ್ತದೆಯೇ’ ಎಂದು ಬಿಡಿಸಿ ಕೇಳಿದಾಗ ಮೊದಲನೆಯದನ್ನು ಆರಿಸಿದವರು ಸುಮಾರು ಶೇ. 1 ಮಾತ್ರ. ‘ಅಸಾಧ್ಯ’ದ ಜೊತೆ ‘ನಡೆದೇ ಇಲ್ಲ’ ಸೇರಿ ಉಂಟಾದ ಎರಡು ನಿಷೇಧಗಳ ಗಂಟನ್ನು ಬಿಡಿಸಲು ಬಹಳ ಜನರಿಗೆ ಆಗಿರಲಿಲ್ಲ. ಜನರ ಅಜ್ಞಾನವೆಂದು ವರದಿಯಾದದ್ದು ಬಹುಪಾಲು ಪ್ರಶ್ನೆಯ ದೋಷವಾಗಿತ್ತು.

ಒಂದು ಕೆಟ್ಟ ಪ್ರಶ್ನೆಯನ್ನು ತಿದ್ದುವ ಕ್ರಮವನ್ನು ತೋರಿಸಬಹುದೇ?

ಕೆಲಸದ ಸ್ಥಳದ ಅನುಭವವನ್ನು ಕುರಿತ ಈ ಪ್ರಶ್ನೆಯನ್ನು ಗಮನಿಸಿ: ‘ನಿಮ್ಮ ಮೇಲಧಿಕಾರಿಯ ಒರಟು ವರ್ತನೆಯಿಂದ ನಿಮಗೆ ಆಗಾಗ್ಗೆ ಆತಂಕ ಮತ್ತು ನಿದ್ರಾಹೀನತೆ ಉಂಟಾಗುವುದಿಲ್ಲವೇ?’

ಓದಲು ಸರಾಗವಾಗಿದೆ, ಅದೇ ತೊಂದರೆ. ಉತ್ತರಿಸುವವರಿಗೆ ಮೇಲಧಿಕಾರಿ ಇದ್ದಾರೆ, ಅವರ ವರ್ತನೆ ಒರಟಾಗಿದೆ ಎಂಬ ಎರಡು ಸಂಗತಿಗಳನ್ನು ಪ್ರಶ್ನೆ ಕೇಳದೆಯೇ ಒಪ್ಪಿಸಿಕೊಂಡುಬಿಟ್ಟಿದೆ. ಆತಂಕವಿದ್ದು ನಿದ್ದೆ ಚೆನ್ನಾಗಿ ಬರುವವರು ಯಾವ ಗುರುತು ಹಾಕಬೇಕು? ‘ಆಗಾಗ್ಗೆ’ ಎಂದರೆ ಒಬ್ಬರಿಗೆ ದಿನಕ್ಕೊಮ್ಮೆ, ಇನ್ನೊಬ್ಬರಿಗೆ ತಿಂಗಳಿಗೊಮ್ಮೆ. ‘ಉಂಟಾಗುವುದಿಲ್ಲವೇ’ ಎಂಬ ಕೊನೆ ಒಪ್ಪಿಗೆಯನ್ನು ಎದುರು ನೋಡುತ್ತದೆ; ಅಷ್ಟೇ ಅಲ್ಲ, ಅದಕ್ಕೆ ಬಂದ ‘ಹೌದು’ ಎಂಬ ಉತ್ತರ ‘ಹೌದು, ಉಂಟಾಗುತ್ತದೆ’ ಎಂದೋ ‘ಹೌದು, ಉಂಟಾಗುವುದಿಲ್ಲ’ ಎಂದೋ ತಿಳಿಯುವ ದಾರಿಯಿಲ್ಲ. ಎಲ್ಲಕ್ಕಿಂತ ದೊಡ್ಡ ದೋಷವೆಂದರೆ ನಿದ್ದೆ ಕೆಡಲು ಕಾರಣ ಯಾವುದು ಎಂಬ ಸಂಶೋಧಕರ ಪ್ರಶ್ನೆಯನ್ನೇ ಉತ್ತರಿಸುವವರ ತಲೆಗೆ ಕಟ್ಟಿರುವುದು. ತನ್ನ ನಿದ್ದೆ ಯಾವುದರಿಂದ ಕೆಟ್ಟಿತೆಂದು ಯಾರಿಗೂ ಖಚಿತವಾಗಿ ಗೊತ್ತಿರುವುದಿಲ್ಲ.

ತಿದ್ದಿದಾಗ ಇದು ಕಡೇಪಕ್ಷ ಮೂರು ಪ್ರಶ್ನೆಗಳಾಗುತ್ತದೆ. ‘ಪ್ರಸ್ತುತ ನಿಮ್ಮ ಕೆಲಸದ ಮೇಲ್ವಿಚಾರಣೆ ನಡೆಸುವ ಮೇಲಧಿಕಾರಿ ಇದ್ದಾರೆಯೇ?’ ಇದ್ದಾರೆ ಎಂದವರಿಗೆ ಮಾತ್ರ: ‘ಕಳೆದ 7 ದಿನಗಳಲ್ಲಿ ಎಷ್ಟು ದಿನ ಅವರು ನಿಮ್ಮೊಂದಿಗೆ ಏರುದನಿಯಲ್ಲಿ ಮಾತನಾಡಿದರು?’ ಬಳಿಕ ಎಲ್ಲರಿಗೂ: ‘ಕಳೆದ 7 ರಾತ್ರಿಗಳಲ್ಲಿ ಎಷ್ಟು ರಾತ್ರಿ, ಮಲಗಿದ ಮೇಲೆ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ನಿಮಗೆ ನಿದ್ದೆ ಬರಲಿಲ್ಲ?’ ಆತಂಕಕ್ಕೆ ಸಿದ್ಧ ಮಾಪಕವನ್ನೇ ಬಳಸುವುದು ಒಳ್ಳೆಯದು. ಇವುಗಳ ನಡುವೆ ಸಂಬಂಧವಿದೆಯೇ ಎಂಬುದನ್ನು ವಿಶ್ಲೇಷಣೆಗೆ ಬಿಡಬೇಕು. ಹೊಸ ಪ್ರಶ್ನೆಗಳು ಹಳೆಯದರಷ್ಟು ಸೊಗಸಾಗಿಲ್ಲ ಎಂಬುದು ನಿಜ. ಪ್ರಶ್ನಾವಳಿಯಲ್ಲಿ ಸೊಗಸಿಗೆ ಅಂಕವಿಲ್ಲ.

‘ಒಪ್ಪುತ್ತೇನೆ – ಒಪ್ಪುವುದಿಲ್ಲ’ ಮಾದರಿಯನ್ನು ಎಲ್ಲ ಕಡೆಯೂ ಬಳಸಬಹುದೇ?

ರೆನ್ಸಿಸ್ ಲಿಕರ್ಟ್ 1932ರಲ್ಲಿ ಮನೋಭಾವಗಳನ್ನು ಅಳೆಯಲು ಈ ವಿಧಾನವನ್ನು ಪರಿಚಯಿಸಿದ ಮೇಲೆ ಅದು ಎಷ್ಟು ಹರಡಿತೆಂದರೆ, ಬೇರೆ ಬಗೆಯಲ್ಲಿ ಕೇಳಬಹುದೆಂಬುದೇ ಅನೇಕರಿಗೆ ಮರೆತುಹೋಗಿದೆ. ಬರೆಯಲು ಸುಲಭ, ಅಚ್ಚುಕಟ್ಟಾಗಿ ಕಾಣುತ್ತದೆ, ಜಾಗ ಉಳಿಯುತ್ತದೆ. ಆದರೆ ಹೇಳಿಕೆಯಲ್ಲಿ ಏನಿದ್ದರೂ ‘ಒಪ್ಪುತ್ತೇನೆ’ ಎನ್ನುವ ಪ್ರವೃತ್ತಿ ಹಲವರಲ್ಲಿರುತ್ತದೆ. ವಿನಯದಿಂದಲೋ, ಆಯಾಸದಿಂದಲೋ, ಬರೆದವರಿಗೆ ಹೆಚ್ಚು ಗೊತ್ತಿರುತ್ತದೆ ಎಂಬ ಭಾವನೆಯಿಂದಲೋ ಅದು ಬರುತ್ತದೆ. ಇನ್ನೊಂದು ತೊಡಕು ಹೇಳಿಕೆಯ ಒಳಗೇ ಇದೆ. ‘ನನಗೆ ಕೆಲವೊಮ್ಮೆ ಬೇಸರವಾಗುತ್ತದೆ’ ಎಂಬುದಕ್ಕೆ ‘ಒಪ್ಪುವುದಿಲ್ಲ’ ಎಂದವರು ಎಂದೂ ಬೇಸರಗೊಳ್ಳದವರೂ ಆಗಿರಬಹುದು, ಸದಾ ಬೇಸರದಲ್ಲಿರುವವರೂ ಆಗಿರಬಹುದು.

ನನ್ನ ಸಲಹೆ ಇದು: ಕೇಳಬೇಕಾದ ಗುಣವನ್ನು ನೇರವಾಗಿ ಕೇಳಿ. ‘ನನ್ನ ಆರೋಗ್ಯ ಚೆನ್ನಾಗಿದೆ’ ಎಂಬ ಹೇಳಿಕೆಗೆ ಒಪ್ಪಿಗೆ ಕೇಳುವ ಬದಲು ‘ನಿಮ್ಮ ಆರೋಗ್ಯ ಹೇಗಿದೆ?’ ಎಂದು ಕೇಳಿ, ಬಹಳ ಚೆನ್ನಾಗಿದೆ ಎಂಬುದರಿಂದ ಬಹಳ ಕೆಟ್ಟದಾಗಿದೆ ಎಂಬುದರವರೆಗೆ ಆಯ್ಕೆಗಳನ್ನು ಕೊಡಿ.

ಒಪ್ಪಿಗೆಯ ಪ್ರವೃತ್ತಿಯನ್ನು ತಡೆಯಲು ಅರ್ಧದಷ್ಟು ಹೇಳಿಕೆಗಳನ್ನು ವಿರುದ್ಧಾರ್ಥ ಬರುವಂತೆ ತಿರುಗಿಸಿ ಬರೆದರೆ ಸಾಲದೇ?

ರೋಸೆನ್‌ಬರ್ಗ್ ಮಾಪಕದಲ್ಲಿ ಐದು ಹೇಳಿಕೆಗಳು ಸಕಾರಾತ್ಮಕ, ಐದು ನಕಾರಾತ್ಮಕ. ಉದ್ದೇಶ ಒಳ್ಳೆಯದೇ. ಆದರೆ ಆ ಮಾಪಕದ ಮೇಲೆ ನಡೆದ ಅನೇಕ ವಿಶ್ಲೇಷಣೆಗಳಲ್ಲಿ ಸಕಾರಾತ್ಮಕ ಹೇಳಿಕೆಗಳೆಲ್ಲ ಒಂದು ಗುಂಪಾಗಿ, ನಕಾರಾತ್ಮಕ ಹೇಳಿಕೆಗಳೆಲ್ಲ ಇನ್ನೊಂದು ಗುಂಪಾಗಿ ಬೇರ್ಪಟ್ಟಿವೆ. ಇದಕ್ಕೆ ಕಾರಣ ಆತ್ಮಗೌರವದಲ್ಲಿ ಎರಡು ಬಗೆ ಇರುವುದೇ, ಅಥವಾ ಬರೆದ ರೀತಿಯೇ ಎಂಬ ಚರ್ಚೆ ದಶಕಗಳಿಂದ ನಡೆದಿದೆ. ತಿರುಗಿಸುವುದಾದರೆ ‘ಇಲ್ಲ’, ‘ಅಲ್ಲ’ ಸೇರಿಸಿ ತಿರುಗಿಸಬೇಡಿ. ‘ನಾನು ಶಾಂತವಾಗಿಲ್ಲ’ ಎಂಬುದಕ್ಕಿಂತ ‘ನಾನು ಚಡಪಡಿಸುತ್ತಿದ್ದೇನೆ’ ಎಂಬುದು ಮೇಲು. ‘ಇಲ್ಲ’ವನ್ನು ಕಣ್ಣು ಹಾರಿಸಿಬಿಟ್ಟವರ ಉತ್ತರ ತಲೆಕೆಳಗಾಗಿ ದಾಖಲಾಗುತ್ತದೆ. ವಿಶ್ಲೇಷಣೆಯ ಮೊದಲು ಈ ಹೇಳಿಕೆಗಳ ಅಂಕಗಳನ್ನು ತಿರುಗಿಸಿಕೊಳ್ಳಲು ಮರೆಯುವುದು ಇನ್ನೊಂದು ಸಾಮಾನ್ಯ ಅವಘಡ.

ಉತ್ತರದ ಮಾಪಕದಲ್ಲಿ ಎಷ್ಟು ಬಿಂದುಗಳು (ಆಯ್ಕೆಗಳು) ಇರಬೇಕು? ಮಧ್ಯಬಿಂದು ಬೇಕೇ?

ಐದರಿಂದ ಏಳು ಸಾಕು. ಮೂರಕ್ಕಿಳಿದರೆ ಸೂಕ್ಷ್ಮ ವ್ಯತ್ಯಾಸಗಳು ಕಳೆದುಹೋಗುತ್ತವೆ; ಏಳನ್ನು ದಾಟಿದರೆ ಹತ್ತಿರದ ಎರಡು ಬಿಂದುಗಳ ನಡುವಿನ ವ್ಯತ್ಯಾಸವೇನೆಂದು ಉತ್ತರಿಸುವವರಿಗೇ ಹೇಳಲಾಗದು. ಎರಡು ತುದಿಗಳಿಗೆ ಮಾತ್ರ ಹೆಸರಿಡುವುದಕ್ಕಿಂತ ಪ್ರತಿ ಬಿಂದುವಿಗೂ ಮಾತಿನಲ್ಲಿ ಹೆಸರಿಡುವುದು ಒಳ್ಳೆಯದು. ಮಧ್ಯಸ್ಥ ನಿಲುವು ನಿಜವಾಗಿ ಸಾಧ್ಯವಿರುವ ವಿಷಯದಲ್ಲಿ ಮಧ್ಯಬಿಂದು ಇರಲಿ. ಅದನ್ನು ತೆಗೆದುಹಾಕಿ ಜನರನ್ನು ಒಂದು ಬದಿಗೆ ತಳ್ಳಿದರೆ ನಿಲುವು ಹುಟ್ಟುವುದಿಲ್ಲ, ಗುರುತು ಮಾತ್ರ ಬೀಳುತ್ತದೆ.

‘ಗೊತ್ತಿಲ್ಲ’ ಎಂಬ ಆಯ್ಕೆಯ ವಿಚಾರ ಸ್ವಲ್ಪ ಬೇರೆ. ಜಾರ್ಜ್ ಬಿಷಪ್ ಮತ್ತು ಸಂಗಡಿಗರು ಅಸ್ತಿತ್ವದಲ್ಲೇ ಇಲ್ಲದ ‘1975ರ ಸಾರ್ವಜನಿಕ ವ್ಯವಹಾರಗಳ ಕಾಯ್ದೆ’ಯ ಬಗ್ಗೆ ಅಮೆರಿಕದ ಜನರನ್ನು ಕೇಳಿ, 1980ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸುಮಾರು ಮೂರನೇ ಒಂದರಷ್ಟು ಜನ ಆ ಕಾಯ್ದೆಯ ಪರವಾಗಿಯೋ ವಿರುದ್ಧವಾಗಿಯೋ ಅಭಿಪ್ರಾಯ ಕೊಟ್ಟಿದ್ದರು. ಆದ್ದರಿಂದ ತಿಳಿವಳಿಕೆ ಬೇಡುವ ವಿಷಯಗಳಲ್ಲಿ ‘ಈ ಬಗ್ಗೆ ನಾನು ಕೇಳಿಲ್ಲ’ ಎಂಬ ಆಯ್ಕೆ ಕಡ್ಡಾಯವೆನ್ನಬಹುದು. ತನ್ನದೇ ಭಾವನೆಗಳ ಬಗೆಗಿನ ಪ್ರಶ್ನೆಗೆ ಮಾತ್ರ ಈ ಆಯ್ಕೆ ಯೋಚನೆಯಿಂದ ತಪ್ಪಿಸಿಕೊಳ್ಳುವ ದಾರಿಯಾಗಬಹುದು. ಅಲ್ಲಿ ಪ್ರಶ್ನೆಯನ್ನು ಖಾಲಿ ಬಿಡುವ ಅವಕಾಶವಿದ್ದರೆ ಸಾಕು.

ಆಯ್ಕೆಗಳ ಸಂಖ್ಯೆಗಳು ಮತ್ತು ವ್ಯಾಪ್ತಿ ಉತ್ತರದ ಮೇಲೆ ಪ್ರಭಾವ ಬೀರುತ್ತವೆಯೇ?

ಉತ್ತರಿಸುವವರು ಪ್ರಶ್ನಾವಳಿಯಲ್ಲಿ ಅಚ್ಚಾದ ಎಲ್ಲವನ್ನೂ ಅರ್ಥವುಳ್ಳದ್ದೆಂದೇ ಓದುತ್ತಾರೆ. ನಾರ್ಬರ್ಟ್ ಶ್ವಾರ್ಟ್ಸ್ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ಜರ್ಮನಿಯ ಅಧ್ಯಯನದಲ್ಲಿ, ದಿನಕ್ಕೆ ಎಷ್ಟು ಹೊತ್ತು ಟಿ.ವಿ. ನೋಡುತ್ತೀರಿ ಎಂಬ ಒಂದೇ ಪ್ರಶ್ನೆಗೆ ಎರಡು ಬಗೆಯ ಆಯ್ಕೆಗಳನ್ನು ಕೊಡಲಾಗಿತ್ತು. ಒಂದು ಪಟ್ಟಿ ಅರ್ಧ ಗಂಟೆಯಿಂದ ಶುರುವಾಗಿ ‘ಎರಡೂವರೆ ಗಂಟೆಗಿಂತ ಹೆಚ್ಚು’ ಎಂಬಲ್ಲಿ ಮುಗಿಯುತ್ತಿತ್ತು. ಇನ್ನೊಂದು ‘ಎರಡೂವರೆ ಗಂಟೆಯವರೆಗೆ’ ಎಂಬುದರಿಂದಲೇ ಶುರುವಾಗುತ್ತಿತ್ತು. ಎರಡೂವರೆ ಗಂಟೆಗಿಂತ ಹೆಚ್ಚು ನೋಡುತ್ತೇವೆ ಎಂದವರು ಮೊದಲ ಪಟ್ಟಿಯಲ್ಲಿ ಶೇ. 16.2, ಎರಡನೆಯದರಲ್ಲಿ ಶೇ. 37.5. ಪಟ್ಟಿಯ ನಡುಭಾಗ ಸಾಮಾನ್ಯರ ಅಭ್ಯಾಸವಿರಬೇಕೆಂದು ಊಹಿಸಿ, ಜನರು ತಮ್ಮನ್ನು ಅದಕ್ಕೆ ಹೋಲಿಸಿಕೊಂಡು ಗುರುತು ಹಾಕಿದ್ದರು.

ಶ್ವಾರ್ಟ್ಸ್ ಮತ್ತು ಬೇರೆ ಸಂಗಡಿಗರು 1991ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ ಜೀವನದಲ್ಲಿ ಎಷ್ಟು ಯಶಸ್ವಿಯಾಗಿದ್ದೀರಿ ಎಂದು ಹನ್ನೊಂದು ಬಿಂದುಗಳ ಮಾಪಕದಲ್ಲಿ ಕೇಳಿದರು. ಬಿಂದುಗಳಿಗೆ 0ಯಿಂದ 10ರವರೆಗೆ ಅಂಕಿ ಹಾಕಿದಾಗ ಕೆಳಗಿನ ಆರು ಬಿಂದುಗಳನ್ನು ಆರಿಸಿದವರು ಶೇ. 34, −5ರಿಂದ +5ರವರೆಗೆ ಹಾಕಿದಾಗ ಅದೇ ಆರು ಬಿಂದುಗಳಿಗೆ ಶೇ. 13. ಸೊನ್ನೆಯನ್ನು ಯಶಸ್ಸಿನ ಅಭಾವವೆಂದೂ ಋಣ ಅಂಕಿಗಳನ್ನು ಸೋಲೆಂದೂ ಓದಿದ್ದರಿಂದ ಈ ವ್ಯತ್ಯಾಸ ಬಂತು. ಮಾಪಕದ ವಿನ್ಯಾಸವನ್ನು ಟೈಪಿಂಗ್ ಮಾಡುವವರ ಅಥವಾ ಸಾಫ್ಟ್‌ವೇರಿನ ಪಾಲಿಗೆ ಬಿಡಬಾರದೆನ್ನುವುದು ಇದಕ್ಕಾಗಿಯೇ. ಎಣಿಸಬಹುದಾದ ವರ್ತನೆಯಾದರೆ ಪಟ್ಟಿಯನ್ನೇ ಕೈಬಿಟ್ಟು, ಗಂಟೆ ಅಥವಾ ದಿನಗಳ ಸಂಖ್ಯೆಯನ್ನು ಅವರೇ ಬರೆಯುವಂತೆ ಖಾಲಿ ಚೌಕ ಕೊಡಿ.

ಎಷ್ಟು ಹಿಂದಿನ ಸಂಗತಿಗಳನ್ನು ಕೇಳಬಹುದು?

ಸಂಗತಿ ಎಷ್ಟು ಅಪರೂಪ, ಎಷ್ಟು ಮಹತ್ವದ್ದು ಎಂಬುದನ್ನು ಇದು ಅವಲಂಬಿಸುತ್ತದೆ. ಶಸ್ತ್ರಚಿಕಿತ್ಸೆ, ಮದುವೆ, ಉದ್ಯೋಗ ಬದಲಾವಣೆಗಳನ್ನು ವರ್ಷಗಳ ಹಿಂದಿನವಾದರೂ ಕೇಳಬಹುದು. ಸಿಟ್ಟು, ತಲೆನೋವು, ಸಣ್ಣಪುಟ್ಟ ಜಗಳಗಳನ್ನು ಒಂದು ಅಥವಾ ಎರಡು ವಾರಗಳಿಗೆ ಮಿತಿಗೊಳಿಸಬೇಕು. ಅವಧಿ ದೊಡ್ಡದಾದರೆ ಜನರು ಎಣಿಸುವುದನ್ನು ಬಿಟ್ಟು ಅಂದಾಜಿಸುತ್ತಾರೆ, ಹಳೆಯ ಘಟನೆಗಳನ್ನು ಈಚಿನವೆಂದು ಅವಧಿಯ ಒಳಗೆ ಎಳೆದುಕೊಳ್ಳುವುದೂ ಉಂಟು. ಅವಧಿ ಪ್ರಶ್ನೆಯ ಅರ್ಥವನ್ನೂ ಬದಲಿಸುತ್ತದೆ: ‘ಕಳೆದ ವಾರ ಎಷ್ಟು ಬಾರಿ ಸಿಟ್ಟು ಬಂತು’ ಎಂದರೆ ಸಣ್ಣ ಕಿರಿಕಿರಿಯೂ ಲೆಕ್ಕಕ್ಕೆ ಬರುತ್ತದೆ, ‘ಕಳೆದ ವರ್ಷ’ ಎಂದರೆ ದೊಡ್ಡ ಸಿಟ್ಟನ್ನೇ ಕೇಳುತ್ತಿದ್ದಾರೆಂದು ಜನರು ತಿಳಿಯುತ್ತಾರೆ.

ಆಯ್ಕೆಗಳನ್ನು ಕೊಡುವ ಬದಲು ಮುಕ್ತವಾಗಿ ಬರೆಯಲು ಬಿಡುವುದು ಉತ್ತಮವೇ?

ಹೊವಾರ್ಡ್ ಶೂಮನ್ ಮತ್ತು ಸ್ಟ್ಯಾನ್ಲಿ ಪ್ರೆಸರ್ 1981ರಲ್ಲಿ ವರದಿ ಮಾಡಿದ ಒಂದು ಹೋಲಿಕೆ ಹೀಗಿದೆ. ಮಕ್ಕಳನ್ನು ಬದುಕಿಗೆ ಸಿದ್ಧಗೊಳಿಸಲು ಯಾವುದು ಬಹಳ ಮುಖ್ಯ ಎಂಬುದಕ್ಕೆ ‘ಸ್ವತಂತ್ರವಾಗಿ ಯೋಚಿಸುವುದು’ ಎಂಬ ಆಯ್ಕೆಯನ್ನು ಪಟ್ಟಿಯಲ್ಲಿ ಕೊಟ್ಟಾಗ ಶೇ. 61.5ರಷ್ಟು ಜನ ಆರಿಸಿದರು. ಪಟ್ಟಿಯಿಲ್ಲದೆ ಕೇಳಿದಾಗ ತಾವಾಗಿಯೇ ಅದನ್ನು ಹೇಳಿದವರು ಶೇ. 4.6. ಯಾವುದು ನಿಜ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಪಟ್ಟಿ ನೆನಪಿಸುತ್ತದೆ, ಜೊತೆಗೆ ಪಟ್ಟಿಯಲ್ಲಿಲ್ಲದ್ದನ್ನು ಅಳಿಸಿಯೂ ಹಾಕುತ್ತದೆ. ಮುಕ್ತ ಪ್ರಶ್ನೆಯಲ್ಲಿ ಹೇಳಬೇಕಾಗಿಯೇ ಇಲ್ಲವೆಂದು ಬಿಟ್ಟ ಮಾತುಗಳು ದಾಖಲಾಗುವುದಿಲ್ಲ. ಪೂರ್ವಪರೀಕ್ಷೆಯಲ್ಲಿ (ಮುಖ್ಯ ಸಮೀಕ್ಷೆಗೆ ಮೊದಲು ಕೆಲವರ ಮೇಲೆ ಪ್ರಶ್ನೆಗಳನ್ನು ಪರೀಕ್ಷಿಸುವಾಗ) ಮುಕ್ತವಾಗಿ ಕೇಳಿ, ಬಂದ ಉತ್ತರಗಳಿಂದ, ಅವರ ಮಾತುಗಳಲ್ಲೇ, ಮುಖ್ಯ ಸಮೀಕ್ಷೆಯ ಪಟ್ಟಿಯನ್ನು ಕಟ್ಟುವುದು ಹಳೆಯ ಮತ್ತು ಒಳ್ಳೆಯ ಪದ್ಧತಿ.

ಪ್ರಶ್ನೆಗಳ ಕ್ರಮವನ್ನು ಹೇಗೆ ನಿರ್ಧರಿಸಬೇಕು?

ಹಿಂದಿನ ಪ್ರಶ್ನೆ ಮುಂದಿನ ಉತ್ತರಕ್ಕೆ ಸಾಮಗ್ರಿ ಒದಗಿಸುತ್ತದೆ ಎಂಬುದನ್ನು ಗಮನದಲ್ಲಿ ಇಟ್ಟುಕೊಂಡು. 1948ರಲ್ಲಿ ಅಮೆರಿಕನ್ನರನ್ನು, ಕಮ್ಯುನಿಸ್ಟ್ ದೇಶಗಳ ವರದಿಗಾರರಿಗೆ ಅಮೆರಿಕದಲ್ಲಿ ಸುದ್ದಿ ಸಂಗ್ರಹಿಸಲು ಬಿಡಬೇಕೇ ಎಂದು ಕೇಳಿದಾಗ ಬಿಡಬೇಕು ಎಂದವರು ಶೇ. 36. ಅದಕ್ಕೆ ಮೊದಲು, ಅಮೆರಿಕದ ವರದಿಗಾರರನ್ನು ರಷ್ಯಾ ಒಳಗೆ ಬಿಡಬೇಕೇ ಎಂದು ಕೇಳಿದ್ದರೆ ಆ ಪ್ರಮಾಣ ಶೇ. 73ಕ್ಕೆ ಏರಿತು. ತಮಗೊಂದು ನ್ಯಾಯ, ಅವರಿಗೊಂದು ನ್ಯಾಯ ಎನ್ನಲು ಜನರಿಗೆ ಸಂಕೋಚವಾಯಿತು. ಹರ್ಬರ್ಟ್ ಹೈಮನ್ ಮತ್ತು ಪಾಲ್ ಶೀಟ್ಸ್ಲಿ 1950ರಲ್ಲಿ ಪ್ರಕಟಿಸಿದ ಈ ಫಲಿತಾಂಶ ಬಹಳ ಪ್ರಸಿದ್ಧವಾದದ್ದು.

ಸಾಮಾನ್ಯ ಪ್ರಶ್ನೆಯನ್ನು ಮೊದಲು, ನಿರ್ದಿಷ್ಟ ಪ್ರಶ್ನೆಗಳನ್ನು ಆಮೇಲೆ ಇಡಬೇಕು. ಮೊದಲು ದಾಂಪತ್ಯದ ತೃಪ್ತಿಯನ್ನು ಕೇಳಿ ಬಳಿಕ ಬದುಕಿನ ತೃಪ್ತಿಯನ್ನು ಕೇಳಿದರೆ, ಈಗಷ್ಟೇ ನೆನಪಿಗೆ ಬಂದ ದಾಂಪತ್ಯವೇ ಬದುಕಿನ ಅಳತೆಗೋಲಾಗಬಹುದು. ಶ್ವಾರ್ಟ್ಸ್, ಸ್ಟ್ರ್ಯಾಕ್ ಮತ್ತು ಮಾಯ್ ಅವರ 1991ರ ಅಧ್ಯಯನದಲ್ಲಿ ಬದುಕಿನ ಪ್ರಶ್ನೆ ಮೊದಲಿದ್ದಾಗ ಎರಡರ ನಡುವಿನ ಸಹಸಂಬಂಧ (ಎರಡು ಅಳತೆಗಳು ಎಷ್ಟರಮಟ್ಟಿಗೆ ಒಟ್ಟಿಗೆ ಏರಿಳಿಯುತ್ತವೆ ಎಂಬುದರ ಅಂಕಿ; 1 ಎಂದರೆ ಪೂರ್ಣ ಹೊಂದಿಕೆ) 0.32, ದಾಂಪತ್ಯದ ಪ್ರಶ್ನೆ ಮೊದಲಿದ್ದಾಗ 0.67. ಉಳಿದಂತೆ, ಸುಲಭದ ಪ್ರಶ್ನೆಗಳಿಂದ ಆರಂಭಿಸಿ. ಆದಾಯ, ಜಾತಿ, ಶಿಕ್ಷಣದಂಥ ವೈಯಕ್ತಿಕ ವಿವರಗಳು ಕೊನೆಯಲ್ಲಿರಲಿ.

ಮುಜುಗರದ ವಿಷಯಗಳಿಗೆ ಪ್ರಾಮಾಣಿಕ ಉತ್ತರ ಪಡೆಯುವುದು ಹೇಗೆ?

ಸಂದರ್ಶಕರು ಎದುರಿಗಿಲ್ಲದಿದ್ದರೆ ಜನರು ಹೆಚ್ಚು ಒಪ್ಪಿಕೊಳ್ಳುತ್ತಾರೆ; ಆದ್ದರಿಂದ ಮಾದಕ ವಸ್ತು, ಲೈಂಗಿಕ ವರ್ತನೆ, ಹಿಂಸೆಯ ಪ್ರಶ್ನೆಗಳನ್ನು ಅವರೇ ಓದಿ ಗುರುತು ಹಾಕುವಂತೆ ಮಾಡಿ. ಒಳ್ಳೆಯವರಾಗಿ ಕಾಣುವ ಬಯಕೆಯನ್ನೇ ಅಳೆಯಲು ಡಗ್ಲಾಸ್ ಕ್ರೌನ್ ಮತ್ತು ಡೇವಿಡ್ ಮಾರ್ಲೋ 1960ರಲ್ಲಿ 33 ಹೇಳಿಕೆಗಳ ಮಾಪಕವನ್ನು ಕೊಟ್ಟರು. 1965ರಲ್ಲಿ ಸ್ಟ್ಯಾನ್ಲಿ ವಾರ್ನರ್ ಸೂಚಿಸಿದ ದಾರಿ ಇನ್ನೂ ಜಾಣತನದ್ದು. ಅದರ ಒಂದು ಸರಳ ರೂಪ ಇದು: ಉತ್ತರಿಸುವವರು ಯಾರಿಗೂ ಕಾಣದಂತೆ ನಾಣ್ಯ ಚಿಮ್ಮುತ್ತಾರೆ; ಒಂದು ಮುಖ ಬಿದ್ದರೆ ‘ಹೌದು’ ಎಂದೇ ಹೇಳಬೇಕು, ಇನ್ನೊಂದು ಬಿದ್ದರೆ ನಿಜ ಹೇಳಬೇಕು. ಒಟ್ಟು ಶೇ. 65 ‘ಹೌದು’ ಬಂತೆನ್ನಿ. ಅದರಲ್ಲಿ 50 ನಾಣ್ಯದ ಪಾಲು. ನಿಜ ಹೇಳಿದ ಉಳಿದ 50 ಜನರಲ್ಲಿ 15 ‘ಹೌದು’, ಅಂದರೆ ಶೇ. 30. ಗುಂಪಿನ ಪ್ರಮಾಣ ಸಿಗುತ್ತದೆ, ಯಾವ ಒಬ್ಬರ ಗುಟ್ಟೂ ಬಯಲಾಗುವುದಿಲ್ಲ. ಇದಕ್ಕೆ ದೊಡ್ಡ ಮಾದರಿ ಬೇಕು, ಸೂಚನೆ ಎಲ್ಲರಿಗೂ ಅರ್ಥವಾಗಬೇಕು ಎಂಬುದು ಇದರ ಮಿತಿ.

ನೈತಿಕ ಹೊಣೆಯೂ ಇಲ್ಲಿದೆ. ಪಿಎಚ್‌ಕ್ಯೂ-9ರ ಒಂಬತ್ತನೆಯ ಪ್ರಶ್ನೆ ಸಾಯುವ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಗಳ ಬಗ್ಗೆ ಕೇಳುತ್ತದೆ. ಅದನ್ನು ಸೇರಿಸಿದವರು, ‘ಹೆಚ್ಚು ಕಡಿಮೆ ಪ್ರತಿದಿನ’ ಎಂಬ ಗುರುತು ಬಂದರೆ ಯಾರು, ಎಷ್ಟು ಬೇಗ, ಏನು ಮಾಡಬೇಕೆಂದು ಮೊದಲೇ ಬರೆದಿಟ್ಟಿರಬೇಕು. ಉತ್ತರಗಳನ್ನು ಮೂರು ತಿಂಗಳ ನಂತರ ತೆರೆದು ನೋಡುವ ಯೋಜನೆಯಿದ್ದರೆ ಆ ಪ್ರಶ್ನೆಯನ್ನು ಕೇಳುವ ಅರ್ಹತೆ ಆ ಅಧ್ಯಯನಕ್ಕಿಲ್ಲ.

ಇನ್ನೊಂದು ಭಾಷೆಯ ಮಾಪಕವನ್ನು ಅನುವಾದಿಸಿ ಬಳಸುವಾಗ ಏನನ್ನು ಗಮನಿಸಬೇಕು?

ಒಬ್ಬರು ಅನುವಾದಿಸಿ, ಮೂಲವನ್ನು ನೋಡದ ಇನ್ನೊಬ್ಬರು ಅದನ್ನು ಮತ್ತೆ ಮೂಲ ಭಾಷೆಗೆ ತರುವ ವಿಧಾನವನ್ನು ರಿಚರ್ಡ್ ಬ್ರಿಸ್ಲಿನ್ 1970ರಲ್ಲಿ ವಿವರಿಸಿದರು. ಉಪಯುಕ್ತವಾದರೂ ಅದೊಂದೇ ಸಾಲದು: ಪದಕ್ಕೆ ಪದವಿಟ್ಟ ಕೃತಕ ಅನುವಾದವೇ ಈ ಪರೀಕ್ಷೆಯಲ್ಲಿ ಸುಲಭವಾಗಿ ತೇರ್ಗಡೆಯಾಗುತ್ತದೆ. ಅನುವಾದಕರು ಮತ್ತು ವಿಷಯತಜ್ಞರು ಒಟ್ಟಿಗೆ ಕೂತು ಚರ್ಚಿಸಿ, ಬಳಿಕ ಆ ಭಾಷೆಯನ್ನಷ್ಟೇ ಬಲ್ಲವರ ಮೇಲೆ ಪರೀಕ್ಷಿಸಬೇಕು.

ಪೂರ್ವಪರೀಕ್ಷೆಯನ್ನು ಹೇಗೆ ನಡೆಸಬೇಕು?

ಸಹೋದ್ಯೋಗಿಗಳಿಗೆ ಕೊಟ್ಟು ‘ಹೇಗಿದೆ?’ ಎಂದು ಕೇಳುವುದು ಪೂರ್ವಪರೀಕ್ಷೆಯಲ್ಲ. ಮುಖ್ಯ ಸಮೀಕ್ಷೆಯಲ್ಲಿ ಭಾಗವಹಿಸುವಂಥವರನ್ನೇ ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು, ಪ್ರಶ್ನೆಯನ್ನು ಓದುತ್ತ ಮನಸ್ಸಿಗೆ ಬಂದದ್ದನ್ನೆಲ್ಲ ಜೋರಾಗಿ ಹೇಳಲು ಕೇಳಿಕೊಳ್ಳಬೇಕು. ‘ಕಳೆದ ತಿಂಗಳು ನಿಮಗೆ ಎಷ್ಟು ಬಾರಿ ಒಂಟಿತನ ಅನಿಸಿತು?’ ಎಂಬ ಪ್ರಶ್ನೆಗೆ ಒಬ್ಬರು ಹೀಗೆ ಯೋಚಿಸುತ್ತಾರೆ ಎಂದುಕೊಳ್ಳಿ: ‘ಕಳೆದ ತಿಂಗಳು ಅಂದರೆ ಮುಗಿದ ತಿಂಗಳೋ, ಇವತ್ತಿನಿಂದ ಹಿಂದಿನ ಮೂವತ್ತು ದಿನವೋ? ಒಬ್ಬನೇ ಇದ್ದದ್ದು ಬೇಕಾದಷ್ಟು ದಿನ. ಅದು ನನಗೆ ಇಷ್ಟವೇ. ಸರಿ, ‘ಬಹಳ ಸಲ’ ಅಂತ ಹಾಕುತ್ತೇನೆ.’ ಏಕಾಂತವನ್ನು ಇಷ್ಟಪಡುವವರು ತೀವ್ರ ಒಂಟಿತನದವರೆಂದು ದಾಖಲಾದರು. ಉತ್ತರ ಪತ್ರಿಕೆಯಲ್ಲಿ ಈ ತಪ್ಪು ಎಂದೂ ಕಾಣಿಸುವುದಿಲ್ಲ. ಗುರುತು ಅಚ್ಚುಕಟ್ಟಾಗಿಯೇ ಬಿದ್ದಿರುತ್ತದೆ.

‘ಈ ಪ್ರಶ್ನೆಯನ್ನು ನಿಮ್ಮ ಮಾತಿನಲ್ಲಿ ಹೇಳಿ’, ‘ಈ ಅಂಕಿಗೆ ಹೇಗೆ ಬಂದಿರಿ?’ ಎಂಬ ಎರಡು ವಿಚಾರಣೆಗಳೇ ಬಹಳಷ್ಟನ್ನು ಹೊರಗೆಡಹುತ್ತವೆ. ಬೆರಳೆಣಿಕೆಯ ಜನರೊಂದಿಗೆ ಮಾತನಾಡಿದರೂ ದೊಡ್ಡ ದೋಷಗಳು ಬಯಲಾಗುತ್ತವೆ. ತಿದ್ದಿದ ಮೇಲೆ ಹೊಸಬರೊಂದಿಗೆ ಮತ್ತೊಂದು ಸುತ್ತು ನಡೆಸಬೇಕು, ಏಕೆಂದರೆ ತಿದ್ದುಪಡಿಯೇ ಹೊಸ ಗೊಂದಲ ತಂದಿರಬಹುದು.

ಕ್ರಾನ್‌ಬ್ಯಾಕ್ ಆಲ್ಫಾ 0.90 ಬಂದಿದೆ. ಪ್ರಶ್ನೆಗಳು ಚೆನ್ನಾಗಿವೆ ಎನ್ನಬಹುದೇ?

ಅಷ್ಟರಿಂದಲೇ ಹೇಳಲಾಗದು. ಲೀ ಕ್ರಾನ್‌ಬ್ಯಾಕ್ 1951ರಲ್ಲಿ ಮಂಡಿಸಿದ ಈ ಗುಣಾಂಕ ಮಾಪಕದ ಹೇಳಿಕೆಗಳು ಪರಸ್ಪರ ಎಷ್ಟು ಹೊಂದುತ್ತವೆ ಎಂಬುದರ ಅಂದಾಜು; ಅದು ಹೇಳಿಕೆಗಳ ನಡುವಿನ ಸಂಬಂಧ ಹೆಚ್ಚಿದಂತೆ ಏರುತ್ತದೆ, ಹೇಳಿಕೆಗಳ ಸಂಖ್ಯೆ ಹೆಚ್ಚಿದಂತೆಯೂ ಏರುತ್ತದೆ. ಹೇಳಿಕೆಗಳ ನಡುವಿನ ಸರಾಸರಿ ಸಹಸಂಬಂಧ 0.30 ಇರುವಲ್ಲಿ, ಐದು ಹೇಳಿಕೆಗಳಿದ್ದರೆ ಪ್ರಮಾಣೀಕೃತ ಆಲ್ಫಾ 0.68, ಇಪ್ಪತ್ತಿದ್ದರೆ 0.90. ಹೇಳಿಕೆಗಳು ಉತ್ತಮಗೊಂಡಿಲ್ಲ, ಹೆಚ್ಚಾಗಿವೆ ಅಷ್ಟೇ. ‘ನಾನು ಚಿಂತಿತನಾಗಿದ್ದೇನೆ’, ‘ನನಗೆ ಚಿಂತೆಯಿದೆ’, ‘ನಾನು ಚಿಂತಿಸುತ್ತಿರುತ್ತೇನೆ’ ಎಂದು ಒಂದನ್ನೇ ತಿರುಗಿಸಿ ಮುರುಗಿಸಿ ಕೇಳಿದರೂ ಆಲ್ಫಾ ಮೇಲೇರುತ್ತದೆ, ಆತಂಕದ ಉಳಿದ ಮುಖಗಳು ಅಳತೆಯಿಂದ ಹೊರಗೇ ಉಳಿಯುತ್ತವೆ. ಆಲ್ಫಾ ಹೆಚ್ಚಿರುವುದರಿಂದ ಹೇಳಿಕೆಗಳೆಲ್ಲ ಒಂದೇ ಗುಣವನ್ನು ಅಳೆಯುತ್ತವೆ ಎಂದೂ ಸಿದ್ಧವಾಗುವುದಿಲ್ಲ. ಅದಕ್ಕೆ, ಯಾವ ಹೇಳಿಕೆಗಳು ಒಂದು ಗುಂಪಾಗುತ್ತವೆ ಎಂದು ತೋರಿಸುವ ಫ್ಯಾಕ್ಟರ್ ವಿಶ್ಲೇಷಣೆ ಬೇಕು.

ಸಿಂಧುತ್ವದ, ಅಂದರೆ ಅಳೆಯಬೇಕಾದದ್ದನ್ನೇ ಮಾಪಕ ಅಳೆಯುತ್ತಿದೆಯೇ ಎಂಬ ಪ್ರಶ್ನೆಯಂತೂ ಬೇರೆಯೇ. ಹೊಸ ಆತಂಕ ಮಾಪಕದ ಅಂಕಗಳು ಪರಿಚಿತ ಆತಂಕ ಮಾಪಕದೊಂದಿಗೆ ಗಟ್ಟಿಯಾಗಿ ಹೊಂದಬೇಕು, ಬುದ್ಧಿಶಕ್ತಿಯಂಥ ದೂರದ ಗುಣಗಳೊಂದಿಗೆ ಹೊಂದಬಾರದು, ಆತಂಕದ ಚಿಕಿತ್ಸೆಯಲ್ಲಿರುವವರಲ್ಲಿ ಇತರರಿಗಿಂತ ಹೆಚ್ಚಿರಬೇಕು. ಇವುಗಳಲ್ಲಿ ಯಾವುದನ್ನೂ ತೋರಿಸದೆ ಆಲ್ಫಾ ಒಂದನ್ನೇ ಮುಂದಿಡುವ ವರದಿ, ಮಾಪಕ ಏನನ್ನೋ ಸ್ಥಿರವಾಗಿ ಅಳೆಯುತ್ತಿದೆ ಎಂದಷ್ಟೇ ಹೇಳುತ್ತದೆ. ಅದು ಆತಂಕವೇ ಹೌದೋ ಅಲ್ಲವೋ ಎಂಬುದು ಇನ್ನೂ ಬಾಕಿಯೇ ಇರುತ್ತದೆ.